ಡಿಪ್ರೆಶನ್ ಬಂದವರಿಗೆ ಸಣ್ಣ ತೀರ್ಮಾನವೂ ಯಾಕೆ ಅಷ್ಟು ಕಷ್ಟ?

ಸ್ನಾನ ಮಾಡಲೋ ಬೇಡವೋ, ಫೋನ್ ಎತ್ತಲೋ ಬೇಡವೋ ಅನ್ನೋದನ್ನೂ ತೀರ್ಮಾನಿಸಲಾಗದೆ ಒಬ್ಬರು ಗಂಟೆಗಟ್ಟಲೆ ಕೂತರೆ ನಾವು ಸೋಮಾರಿತನ ಅಂದುಬಿಡುತ್ತೇವೆ. ಆದರೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಹೀಗೆ ತೀರ್ಮಾನಿಸಲಾಗದಿರೋದು 1980ರಿಂದಲೂ ಖಿನ್ನತೆಯ ಲಕ್ಷಣಗಳಲ್ಲೊಂದು.

ಇದಕ್ಕೂ ಮಿದುಳಿಗೂ ಏನು ನಂಟು?

ನನಗೆ ಮುಖ್ಯ ಅನಿಸೋದು 1985ರಲ್ಲಿ ಅಮೆರಿಕದ ಅಯೋವಾದ ವೈದ್ಯರು ಬರೆದ ಒಬ್ಬ ರೋಗಿಯ ಕಥೆ. ಲೆಕ್ಕಪತ್ರದ ಕೆಲಸದವರು. ಹಣೆಯ ಹಿಂದಿನ ಗಡ್ಡೆ ತೆಗೆಯುವಾಗ ಮಿದುಳಿನ ಮುಂಭಾಗದ ಕೆಳಪದರವೂ ಹೋಗಿತ್ತು. ಬುದ್ಧಿ ಪರೀಕ್ಷೆಯಲ್ಲಿ ಒಳ್ಳೇ ಅಂಕ. ಆದರೆ ಯಾವ ಹೋಟೆಲಿಗೆ ಹೋಗೋದು ಅಂತ ಕೇಳಿದರೆ ಒಂದೊಂದರ ಮೆನು, ಕೂರುವ ಜಾಗ ಎಲ್ಲವನ್ನೂ ಗಂಟೆಗಟ್ಟಲೆ ತೂಗಿ, ಕಾರಿನಲ್ಲಿ ಹೋಗಿ ನೋಡಿಬಂದು, ಆಮೇಲೂ ತೀರ್ಮಾನ ಆಗುತ್ತಿರಲಿಲ್ಲ. ಅವರದು ಡಿಪ್ರೆಶನ್ ಅಲ್ಲ. ಆದರೂ ಯೋಚಿಸೋದು ಬೇರೆ, ಆರಿಸಿಕೊಳ್ಳೋದು ಬೇರೆ ಅಂತ ಅದು ತೋರಿಸಿಕೊಟ್ಟಿತು. ಕಣ್ಣಿನ ಗೂಡಿನ ಮೇಲಿರುವ ಈ ಜಾಗಕ್ಕೆ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಅನ್ನುತ್ತಾರೆ. ಒಂದನ್ನು ಆರಿಸಿದರೆ ಖುಷಿ ಸಿಗುತ್ತಾ, ನಿರಾಸೆ ಆಗುತ್ತಾ ಅಂತ ಲೆಕ್ಕ ಹಾಕೋದು ಅದರ ಕೆಲಸ.

2016ರಲ್ಲಿ ಬ್ರಿಟನ್ನಿನ ವಾರ್ವಿಕ್ ಮತ್ತು ಚೀನಾದ ಫುಡಾನ್ ವಿಶ್ವವಿದ್ಯಾಲಯದವರು ಖಿನ್ನತೆ ಇರುವ 421, ಇಲ್ಲದ 488 ಜನರ ಸ್ಕ್ಯಾನ್ ಹೋಲಿಸಿದರು. ಖಿನ್ನತೆ ಇದ್ದವರಲ್ಲಿ ಈ ಕಾರ್ಟೆಕ್ಸಿನ, ನಿರಾಸೆಯನ್ನು ಗುರುತಿಸುವ ಹೊರಬದಿಗೂ 'ನಾನು' ಅನ್ನೋ ಭಾವನೆಯ ಭಾಗಗಳಿಗೂ ನಂಟು ಹೆಚ್ಚಾಗಿತ್ತು. ಖುಷಿಯನ್ನು ಗುರುತಿಸುವ ಒಳಬದಿಗೂ ನೆನಪಿನ ಭಾಗಗಳಿಗೂ ನಂಟು ಸಡಿಲವಾಗಿತ್ತು. ಯಾವುದನ್ನು ಆರಿಸಿದರೂ ಸೋಲೇ ಅಂತ ಒಳಗಿಂದ ಅನಿಸುತ್ತಿದ್ದರೆ ಯಾರಿಗೆ ತಾನೇ ಆರಿಸಲು ಕೈ ಬರುತ್ತೆ, ಅಲ್ವಾ?

ಇಷ್ಟಕ್ಕೇ ರೋಗದ ಜಾಗ ಸಿಕ್ಕಿಬಿಟ್ಟಿತು ಅನ್ನೋ ಹಾಗಿಲ್ಲ. ಹತ್ತಿರದ ಇನ್ನೊಂದು ಭಾಗಕ್ಕೆ 2005ರಲ್ಲಿ ಟೊರೊಂಟೊದಲ್ಲಿ ತಂತಿ ಇಳಿಸಿ ಕರೆಂಟ್ ಕೊಟ್ಟಾಗ ಖಿನ್ನತೆ ಇದ್ದ 6 ಜನರಲ್ಲಿ 4 ಜನ ಚೇತರಿಸಿಕೊಂಡಿದ್ದರು. ಆಮೇಲೆ 90 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಕರೆಂಟ್ ಕೊಟ್ಟವರಿಗೂ ಕೊಡದವರಿಗೂ ಆರು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಕ್ಯಾನ್ ಲೆಕ್ಕಗಳೂ ಗುಂಪಿನ ಸರಾಸರಿ. ಒಬ್ಬರ ಸ್ಕ್ಯಾನ್ ನೋಡಿ ಡಿಪ್ರೆಶನ್ ಇದೆ ಅನ್ನೋಕಾಗಲ್ಲ, ಡಾಕ್ಟರು ಮಾತಾಡಿಸಿಯೇ ತಿಳಿಯಬೇಕು.

ಆದರೆ 'ಡಾಕ್ಟರ ಹತ್ರ ಹೋಗ್ತೀಯಾ' ಅಂತ ಕೇಳೋದೂ ಅವರ ಮುಂದೆ ಇನ್ನೊಂದು ತೀರ್ಮಾನ ಇಟ್ಟ ಹಾಗೇ. ಸುಮ್ನೆ ಕೇಳಿ ಕಾಯಬೇಡಿ, ದಿನ ಗೊತ್ತು ಮಾಡಿ ಜೊತೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.