ಬಣ್ಣ ಮನುಷ್ಯನಿಗೆ, ನಡುಕ ಮೀನಿಗೆ

ಗಾಳದ ಸಾಮಾನಿನ ಅಂಗಡಿಯಲ್ಲಿ ಗಾಜಿನ ಕಪಾಟಿನ ಮುಂದೆ ನಿಂತವರು ಮೊದಲು ಕೇಳುವುದು ಲೂರ್‌ನ, ಅಂದರೆ ಮೀನನ್ನು ಮರುಳುಮಾಡುವ ಹುಸಿಮೀನಿನ, ಬಣ್ಣವನ್ನೇ. ನೀಲಿ ಬೆನ್ನು ಬೆಳ್ಳಿ ಹೊಟ್ಟೆಯದು, ಕೆಂಪು ತಲೆ ಬಿಳಿ ಮೈಯದು, ಗಿಳಿಹಸಿರಿನ ಮೇಲೆ ಕಪ್ಪು ಪಟ್ಟೆಯದು. ಮೋಡದ ದಿನಕ್ಕೆ ಯಾವುದು, ಬಿಸಿಲಿಗೆ ಯಾವುದು ಎಂದು ಮುಹೂರ್ತ ಕೇಳಿದ ಹಾಗೆ ಕೇಳುತ್ತಾರೆ. ಆ ಪ್ಲಾಸ್ಟಿಕ್ ಮೀನಿನ ಮೂತಿಯ ಕೆಳಗೆ ನಾಲಿಗೆಯಂತೆ ಚಾಚಿಕೊಂಡ ಪಾರದರ್ಶಕ ಬಿಲ್ಲೆಯೊಂದಿರುತ್ತದೆ. ಗಾಳದವರು ಅದನ್ನು ಲಿಪ್ ಎನ್ನುತ್ತಾರೆ. ಅದರ ಅಗಲ ಎಷ್ಟು ಎಂದು ಕೇಳುವವರು ಅಪರೂಪ. ಎರಡು ಸೆಂಟಿಮೀಟರಿನ ಆ ಬಿಲ್ಲೆಯೇ ಲೂರ್‌ನ ಜೀವ; ಉಳಿದದ್ದು ಬಟ್ಟೆಬರೆ.

ಬಣ್ಣದ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ತಿಳಿಯಾದ ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಕಾಲುಭಾಗವೂ ಉಳಿದಿರುವುದಿಲ್ಲ. ಹತ್ತು ಮೀಟರಿನಲ್ಲಿ ನಿಮ್ಮ ದುಬಾರಿ ಕೆಂಪು ತಲೆ ಬರೀ ಮಸಿ ಬಣ್ಣದ ತಲೆ. ಅಘನಾಶಿನಿಯ ಅಥವಾ ಶರಾವತಿಯ ಅಳಿವೆಯಲ್ಲಿ ಇದು ತಿರುವುಮುರುವಾಗುತ್ತದೆ: ಕೊಳೆತ ಎಲೆಯ ರಸವೂ ಕೆಸರೂ ಬೆರೆತ ನೀರು ನೀಲಿಯನ್ನು ಮೊದಲು ತಿನ್ನುತ್ತದೆ, ಹಳದಿ ಮತ್ತು ಕೆಂಪು ಸ್ವಲ್ಪ ಹೆಚ್ಚು ಕಾಲ ಬಾಳುತ್ತವೆ. ಅದೂ ಒಂದೆರಡು ಮೀಟರಿನ ಮಾತು. ಎರಡೂ ಕಡೆ ಕೊನೆಗೆ ಉಳಿಯುವುದು ಗಾಢ ಮತ್ತು ತೆಳು ಬಣ್ಣಗಳ ನಡುವಿನ ವ್ಯತ್ಯಾಸ ಮಾತ್ರ. ಪೆಟ್ಟಿಗೆಯಲ್ಲಿ ಕಪ್ಪು ಒಂದು, ಬಿಳಿ ಒಂದು, ಬೆಳ್ಳಿ ಹೊಳಪಿನದು ಒಂದು ಇದ್ದರೆ ಬಣ್ಣದ ಅಧ್ಯಾಯ ಅಲ್ಲಿಗೆ ಮುಗಿಯಿತು.

ಇನ್ನು ಬಿಲ್ಲೆಯ ಕಥೆ.

ಮಳೆಗಾಲದಲ್ಲಿ ಸೇತುವೆಯ ಮೇಲೆ ನಿಂತು ಕಂಬದ ಹಿಂಬದಿಯ ನೀರನ್ನು ನೋಡಿ. ಎಡಕ್ಕೊಂದು ಸುಳಿ ಕಳಚಿಕೊಂಡು ಹೋಗುತ್ತದೆ, ಆಮೇಲೆ ಬಲಕ್ಕೊಂದು, ಮತ್ತೆ ಎಡಕ್ಕೊಂದು. ಎರಡೂ ಕಡೆ ಒಟ್ಟಿಗೆ ಕಳಚುವುದಿಲ್ಲ, ಹೆಜ್ಜೆ ಹಾಕಿದಂತೆ ಸರದಿಯಲ್ಲಿ. ಗಾಳಿಗೆ ತಂತಿ ಗುಂಯ್ ಎನ್ನುವುದೂ ಬಾವುಟ ಪಟಪಟಿಸುವುದೂ ಇದೇ ಕುಟುಂಬದ ಆಟಗಳು. 1911ರ ಹೊತ್ತಿಗೆ ಜರ್ಮನಿಯ ಗಟಿಂಗನ್‌ನಲ್ಲಿ ಹೀಮೆನ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಹರಿಯುವ ನೀರಿನಲ್ಲಿ ಒಂದು ಸಿಲಿಂಡರ್ ನಿಲ್ಲಿಸಿ, ಅದರ ಮೇಲಿನ ಒತ್ತಡ ಅಳೆಯಲು ಹೆಣಗುತ್ತಿದ್ದ. ನೀರು ತೂಗಾಡುವುದು ನಿಲ್ಲುತ್ತಲೇ ಇರಲಿಲ್ಲ. ಸಿಲಿಂಡರ್ ಸರಿಯಾಗಿ ದುಂಡಗಿಲ್ಲವೇನೋ ಎಂದು ಉಜ್ಜಿ ಉಜ್ಜಿ ದುಂಡಗೆ ಮಾಡಿದ, ತೊಟ್ಟಿಯನ್ನು ತಿದ್ದಿದ, ಆದರೂ ತೂಗಾಟ ಹಾಗೆಯೇ ಇತ್ತು. ಅಲ್ಲೇ ಇದ್ದ ವಿಜ್ಞಾನಿ ಥಿಯೋಡೋರ್ ಫಾನ್ ಕಾರ್ಮನ್ ಪ್ರತಿ ಬೆಳಿಗ್ಗೆ 'ಇವತ್ತಾದರೂ ನಿಂತಿತೇ?' ಎಂದು ವಿಚಾರಿಸುತ್ತಿದ್ದರು. ನಿಲ್ಲದಿರುವುದೇ ನೀರಿನ ಸ್ವಭಾವ ಇರಬೇಕು ಎಂದು ಹೊಳೆದು, ಒಂದು ವಾರಾಂತ್ಯದಲ್ಲಿ ಲೆಕ್ಕ ಮಾಡಿದರು. ಸರದಿಯ ಈ ಸುಳಿಸಾಲಿಗೆ ಇಂದು ಅವರದೇ ಹೆಸರು. ಪಾಪ ಹೀಮೆನ್ಸ್ ಉಜ್ಜಿದ್ದೆಲ್ಲ ವ್ಯರ್ಥ.

ಲೂರ್‌ನ ಲಿಪ್ ಎಂದರೆ ದಾರಕ್ಕೆ ಕಟ್ಟಿದ ಸೇತುವೆ ಕಂಬ. ಕಂಬ ನೆಲಕ್ಕೆ ನೆಟ್ಟಿದೆ, ಆದ್ದರಿಂದ ಅಲುಗದು. ಲೂರ್ ಹಾಗಲ್ಲ. ಎಡದ ಸುಳಿ ಕಳಚಿದಾಗ ಮೂತಿ ಒಂದು ಕಡೆ ವಾಲುತ್ತದೆ, ಬಲದ್ದು ಕಳಚಿದಾಗ ಇನ್ನೊಂದು ಕಡೆ. ಹೀಗೆ ಮೈಯೆಲ್ಲ ಥರಥರ. ಎಷ್ಟು ಬೇಗ ಎಂಬುದಕ್ಕೆ ಕಾರ್ಮನ್‌ಗಿಂತ ಮೊದಲೇ, 1878ರಲ್ಲಿ, ಗಾಳಿಯಲ್ಲಿ ಹಾಡುವ ತಂತಿಗಳನ್ನು ಅಳೆದ ಚೆಕ್ ವಿಜ್ಞಾನಿ ಸ್ಟ್ರೋಹಾಲ್ ಒಂದು ಸೂತ್ರ ಕೊಟ್ಟಿದ್ದರು: ವೇಗವನ್ನು ಅಗಲದಿಂದ ಭಾಗಿಸಿ, ಸುಮಾರು 0.2ರಿಂದ ಗುಣಿಸಿ. ನಿಮ್ಮ ರೀಲ್ ಒಂದು ಸುತ್ತಿಗೆ 75 ಸೆಂಟಿಮೀಟರ್ ದಾರ ಎಳೆಯುತ್ತದೆ ಎನ್ನಿ. ನಿಮಿಷಕ್ಕೆ ನಲವತ್ತು ಸುತ್ತು ಸುತ್ತಿದರೆ ಸೆಕೆಂಡಿಗೆ ಅರ್ಧ ಮೀಟರ್. ಲಿಪ್ ಎರಡು ಸೆಂಟಿಮೀಟರ್ ಅಗಲವಿದ್ದರೆ ಉತ್ತರ ಐದು, ಅಂದರೆ ಸೆಕೆಂಡಿಗೆ ಐದು ಸಲ ಮೈ ಕುಲುಕುತ್ತದೆ. ಒಂದು ಸೆಂಟಿಮೀಟರಿನ ಲಿಪ್ ಆದರೆ ಹತ್ತು. ಲೂರ್‌ನ ತೂಕ, ಉದ್ದ ಸೇರಿದರೆ ಅಂಕಿ ಅಲ್ಪಸ್ವಲ್ಪ ಬದಲಾಗುತ್ತದೆ, ಅಂದಾಜಿಗೆ ಇಷ್ಟು ಸಾಕು. ದೊಡ್ಡ ಲಿಪ್ ತಬಲದ ಬಾಯಾಂನಂತೆ ದಪ್ಪಗೆ ಗುಮ್ಮೆನ್ನುತ್ತದೆ, ಸಣ್ಣದು ದಾಯಾಂನಂತೆ ಚುರುಕು.

ಇದನ್ನು ಕೇಳುವ ಕಿವಿ ಯಾವುದು? ಮಾರುಕಟ್ಟೆಯಲ್ಲಿ ಇಡೀ ಮೀನನ್ನು ಕೈಗೆತ್ತಿಕೊಂಡು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕಿವಿರಿನ ಅಂಚಿನಿಂದ ಬಾಲದವರೆಗೆ ಹೊಲಿಗೆ ಹಾಕಿದಂಥ ಒಂದು ಗೆರೆ ಕಾಣುತ್ತದೆ. ಅಂಜಲ್‌ನಲ್ಲಿ ಅದು ಬೆನ್ನಿನ ಎರಡನೇ ರೆಕ್ಕೆಯ ಹಿಂಭಾಗದಲ್ಲಿ ತಟ್ಟನೆ ಕೆಳಕ್ಕೆ ಬಾಗುತ್ತದೆ. ಕೊಕ್ಕರ್‌ನಲ್ಲಿ ಬಾಲದ ಹತ್ತಿರ ಗರಗಸದಂತೆ ಗಟ್ಟಿಯಾಗಿ, ಬೆರಳು ಸವರಿದರೆ ತರಚುತ್ತದೆ. ಅಳಿವೆಯ ರಾಜ ಚೊಣಕ್‌ನಲ್ಲಿ, ಅಂದರೆ ಆಸ್ಟ್ರೇಲಿಯದವರು ಬಾರಾಮುಂಡಿ ಎನ್ನುವ ಮೀನಿನಲ್ಲಿ, ಗೆರೆ ಮೈಯ ಕೊನೆಗೆ ನಿಲ್ಲದೆ ಬಾಲದ ರೆಕ್ಕೆಯೊಳಕ್ಕೂ ನುಗ್ಗುತ್ತದೆ. ಇದೇ ಪಾರ್ಶ್ವರೇಖೆ. ಒಂದೊಂದು ಹುರುಪೆಯಲ್ಲೂ ಸೂಜಿಮೊನೆಯ ತೂತು, ಒಳಗೆ ನಾಳ, ನಾಳದಲ್ಲಿ ಲೋಳೆಯ ಟೊಪ್ಪಿ ಹಾಕಿಕೊಂಡ ಕೂದಲಕೋಶಗಳು. ಗಾಳಿ ಬೀಸಿದರೆ ಗದ್ದೆಯ ಪೈರು ಬಾಗುವಂತೆ ನೀರು ಸರಿದರೆ ಈ ಕೂದಲು ಬಾಗುತ್ತದೆ, ನರ ಮಿಡಿಯುತ್ತದೆ. ಕತ್ತಲಲ್ಲಿ ಪಕ್ಕದಲ್ಲಿ ಯಾರಾದರೂ ಬೀಸಣಿಗೆ ಆಡಿಸಿದರೆ ಕೆನ್ನೆಗೆ ಗೊತ್ತಾಗುತ್ತದಲ್ಲ, ಹಾಗೆ. ಆದರೆ ಮೀನಿಗೆ ಮೂತಿಯಿಂದ ಬಾಲದವರೆಗೆ ಕೆನ್ನೆಯೇ. ಡಚ್ ವಿಜ್ಞಾನಿ ಡೈಕ್‌ಗ್ರಾಫ್ 1930ರ ದಶಕದಲ್ಲಿ ಇದನ್ನು ದೂರದಿಂದ ಮುಟ್ಟುವ ಇಂದ್ರಿಯ ಎಂದು ವಿವರಿಸಿದರು. ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕೂದಲಕೋಶಗಳಲ್ಲಿ ಎರಡು ಪಂಗಡ. ಚರ್ಮದ ಮೇಲೆಯೇ ಇರುವವು ನೀರಿನ ವೇಗಕ್ಕೆ ಮಿಡಿಯುತ್ತವೆ, ನಾಳದೊಳಗಿನವು ವೇಗದ ಏರುಪೇರಿಗೆ ಮಾತ್ರ. ಹೊಳೆಯ ಸಮನಾದ ಹರಿವು ನಾಳದವಕ್ಕೆ ಲೆಕ್ಕಕ್ಕೇ ಇಲ್ಲ. ತಿರುಗುವ ಫ್ಯಾನಿನ ಸದ್ದು ನಮಗೆ ಮರೆತೇಹೋಗಿ, ನಿಂತಾಗ ತಟ್ಟನೆ ಗಮನಕ್ಕೆ ಬರುವಂತೆ. ನಾಲ್ಕು ಸುತ್ತು ಸುತ್ತಿ, ಒಂದು ಕ್ಷಣ ನಿಲ್ಲಿಸಿ, ಮತ್ತೆ ಎಳೆದ ಲೂರ್‌ಗೆ ಮೀನು ಎರಗುವುದು ಹೆಚ್ಚಾಗಿ ಆ ನಿಲುಗಡೆಯ ಆಸುಪಾಸಿನಲ್ಲೇ. ಕತ್ತಲಲ್ಲಿ ಪುಟ್ಟ ಮೀನೊಂದು ಹಾದುಹೋಗಿ ಹತ್ತು ಸೆಕೆಂಡ್ ಆದ ಮೇಲೂ ಅದು ಬಿಟ್ಟ ಸುಳಿಜಾಡನ್ನು ಹಿಡಿದು ಯೂರೋಪಿನ ಒಂದು ಜಾತಿಯ ಬೆಕ್ಕುಮೀನು ಬೇಟೆಯಾಡುವುದನ್ನು ಪ್ರಯೋಗಾಲಯದಲ್ಲಿ ದಾಖಲಿಸಿದ್ದಾರೆ. ನೀರಿನಲ್ಲಿ ಬರೆದದ್ದು ಅಳಿಸಿಹೋಗುತ್ತದೆ ಎಂಬ ಗಾದೆಯಂಥ ಮಾತು ಬೆಕ್ಕುಮೀನಿಗೆ ಗೊತ್ತಿಲ್ಲ.

ಆದರೆ ಈ ಇಂದ್ರಿಯಕ್ಕೆ ಒಂದು ಕಟ್ಟುಪಾಡಿದೆ. ನಡುಗುವ ವಸ್ತು ಎಬ್ಬಿಸುವ ನೀರಿನ ಚಲನೆ ದೂರ ಇಮ್ಮಡಿಯಾದರೆ ಎಂಟನೇ ಒಂದಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಇಪ್ಪತ್ತೇಳನೇ ಒಂದಕ್ಕೆ. ಪಾರ್ಶ್ವರೇಖೆಗೆ ಎಟಕುವುದು ಮೀನಿನ ಮೈಯ ಒಂದೆರಡು ಪಟ್ಟು ದೂರ ಅಷ್ಟೇ. ಅರ್ಧ ಮೀಟರಿನ ಚೊಣಕ್ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಸಂದಿಯಲ್ಲಿ ನಿಂತಿದ್ದರೆ ಲೂರ್ ಒಂದು ಮೀಟರಿನೊಳಗೆ ಹಾಯಬೇಕು. ಹೊಳೆಯ ನಡುವಿಗೆ ಐವತ್ತು ಮೀಟರ್ ಎಸೆಯುವ ಶೂರತನ ಇಲ್ಲಿ ಕೆಲಸಕ್ಕೆ ಬಾರದು. ದಡಕ್ಕೆ ಸಮಾನಾಂತರವಾಗಿ, ಬೇರಿನಿಂದ ಒಂದಡಿಯೊಳಗೆ ಬೀಳುವಂತೆ ಇಪ್ಪತ್ತು ಮೀಟರ್ ಎಸೆದವನಿಗೆ ಮೀನು.

ಫಿನ್ಲೆಂಡಿನ ಬೆಸ್ತ ಲೌರಿ ರಾಪಾಲಾಗೆ ಈ ಶರೀರಶಾಸ್ತ್ರ ಗೊತ್ತಿರಲಿಲ್ಲ, ಕಣ್ಣಿತ್ತು. ದೊಡ್ಡ ಮೀನು ಸಣ್ಣ ಮೀನಿನ ಗುಂಪಿಗೆ ನುಗ್ಗಿದಾಗ ಆರಿಸಿಕೊಳ್ಳುವುದು ಸ್ವಲ್ಪ ಕುಂಟುವ, ಓಲಾಡುವ ಒಂದನ್ನು ಎಂದು ಅವನು ಗಮನಿಸಿದ. 1936ರಲ್ಲಿ ಚಮ್ಮಾರನ ಚಾಕುವಿನಿಂದ ಬೆಂಡು ಕೆತ್ತಿ, ಚಾಕೊಲೇಟ್ ಸುತ್ತುವ ತಗಡುಕಾಗದ ಅಂಟಿಸಿ, ಫೋಟೊ ನೆಗೆಟಿವ್ ಕರಗಿಸಿ ವಾರ್ನಿಷ್ ಹಚ್ಚಿದ. ಅವನು ನಕಲು ಮಾಡಿದ್ದು ಮೀನಿನ ರೂಪವನ್ನಲ್ಲ, ಅದರ ಕುಂಟುನಡೆಯನ್ನು. 1962ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬಂದ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಇದ್ದಳು. ಸಂಚಿಕೆ ಬಿಸಿಬಿಸಿಯಾಗಿ ಖರ್ಚಾಯಿತು, ಲೂರ್‌ಗೂ ಬೇಡಿಕೆ ಮುಗಿಲಿಗೇರಿತು.

ನಡೆಯೇ ಮುಖ್ಯವಾದರೆ ಅದು ಕೆಡುವ ದಾರಿಗಳೂ ಗೊತ್ತಿರಬೇಕು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಗಂಟು. ಲೂರ್‌ನ ಮೂತಿಯ ಬಳೆಗೆ ದಾರವನ್ನು ಬಿಗಿಯಾಗಿ ಕಟ್ಟಿದರೆ ಮೂತಿ ಅಲ್ಲಾಡಲು ಜಾಗವೇ ಇರುವುದಿಲ್ಲ. ಸಡಿಲವಾದ ಕುಣಿಕೆ ಗಂಟು ಹಾಕಿ, ಇಲ್ಲವೇ ದುಂಡು ಬಾಯಿಯ ಸಣ್ಣ ಸ್ನ್ಯಾಪ್, ಅಂದರೆ ತೆರೆದು ಮುಚ್ಚುವ ತಂತಿಯ ಕೊಂಡಿ, ಬಳಸಿ. ಸ್ವಿವೆಲ್ (ದಾರ ತಿರುಚದಂತೆ ಸುತ್ತುವ ಕೊಂಡಿ) ಬೇಕೇ ಬೇಕು ಎನ್ನುವವರು ಅದನ್ನು ಲೀಡರ್‌ನ, ಅಂದರೆ ಲೂರ್‌ಗೆ ಕಟ್ಟುವ ಗಟ್ಟಿ ದಾರದ ತುಂಡಿನ, ಆಚೆ ತುದಿಗೆ ಸೇರಿಸಲಿ, ಮೂತಿಗೆ ತೂಗುಹಾಕುವುದು ಬೇಡ. ತುಕ್ಕು ಹಿಡಿದ ಮೂರು ಕೊಕ್ಕೆಯ ಗಾಳ ತೆಗೆದು, ಗಟ್ಟಿ ಇರಲಿ ಎಂದು ಎರಡು ನಂಬರ್ ದೊಡ್ಡದು ಹಾಕುವುದು ಇನ್ನೊಂದು ಎಡವಟ್ಟು. ತೂಕ ಬಾಲಕ್ಕೆ ಸೇರಿದಷ್ಟೂ ಓಲಾಟ ಸತ್ತುಹೋಗುತ್ತದೆ.

ಲೂರ್ ನೇರ ಬಾರದೆ ಒಂದು ಪಕ್ಕಕ್ಕೆ ಓಡುತ್ತಿದ್ದರೆ, ಅಥವಾ ಜೋರಾಗಿ ಎಳೆದಾಗ ಮಗುಚಿ ಮೇಲೆ ಬರುತ್ತಿದ್ದರೆ, ಬಳೆ ಸೊಟ್ಟಗಾಗಿದೆ ಎಂದರ್ಥ. ಬಂಡೆಗೆ ಬಡಿದರೆ ಸಾಕು, ಸೊಟ್ಟಗಾಗುತ್ತದೆ. ಮೂತಿ ನಿಮ್ಮ ಕಡೆಗಿರುವಂತೆ ಹಿಡಿದು, ಅದು ಎಡಕ್ಕೆ ಓಡುತ್ತಿದ್ದರೆ ಬಳೆಯನ್ನು ಇಕ್ಕಳದಿಂದ ಬಲಕ್ಕೆ ಅರ್ಧ ಮಿಲಿಮೀಟರ್ ಬಗ್ಗಿಸಿ, ಎರಡು ಮೀಟರ್ ಎಳೆದು ನೋಡಿ, ಮತ್ತೆ ತಿದ್ದಿ. ಒಂದೇ ಸಲಕ್ಕೆ ಜಾಸ್ತಿ ಬಗ್ಗಿಸಿದರೆ ಬಳೆಯ ಬುಡ ಸಡಿಲಾಗಿ ಒಳಗೆ ನೀರು ಸೇರುತ್ತದೆ.

ಇನ್ನೊಂದು ತಪ್ಪನ್ನು ಅನುಭವಸ್ಥರೂ ಮಾಡುತ್ತಾರೆ. ಸ್ಟ್ರೋಹಾಲ್ ಸೂತ್ರದ ವೇಗ ಎಂದರೆ ನೀರಿಗೆ ಹೋಲಿಸಿದ ವೇಗ, ದಡಕ್ಕೆ ಹೋಲಿಸಿದ್ದಲ್ಲ. ಇಳಿತದ ನೀರು ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿರುವಾಗ ಹರಿವಿನ ಮೇಲ್ಗಡೆಗೆ ಎಸೆದು ಅದೇ ಅರ್ಧ ಮೀಟರ್ ವೇಗದಲ್ಲಿ ಎಳೆದರೆ ಲೂರ್ ನೀರಿನ ಜೊತೆ ತೇಲಿ ಬರುವ ಕಡ್ಡಿ. ನಡುಕ ಸೊನ್ನೆ. ಕೆಳಗಡೆಗೆ ಎಸೆದು ಅದೇ ವೇಗದಲ್ಲಿ ಎಳೆದರೆ ನೀರಿನ ಲೆಕ್ಕದಲ್ಲಿ ಒಂದು ಮೀಟರ್, ಸೆಕೆಂಡಿಗೆ ಹತ್ತು ಕುಲುಕು, ಮಗುಚಿದರೂ ಆಶ್ಚರ್ಯವಿಲ್ಲ. ಕೈ ಸುತ್ತುವ ವೇಗ ಎರಡೂ ಸಲ ಒಂದೇ! ಓರೆಯಾಗಿ ಅಡ್ಡಕ್ಕೆ ಎಸೆಯುವ ಹಳಬರ ರೂಢಿಗೆ ಕಾರಣ ಇದು.

ಅಳಿವೆಯಲ್ಲಿ ಉಪ್ಪಿನ ತಂಟೆ ಬೇರೆ. ಸಿಹಿನೀರಿನಲ್ಲಿ ಮುಳುಗದೆ ತೇಲದೆ ನಿಲ್ಲುವಂತೆ ಮಾಡಿದ 20 ಗ್ರಾಂ ಲೂರ್ ಸಮುದ್ರದ ನೀರಿಗೆ ಬಂದರೆ ಅರ್ಧ ಗ್ರಾಂ ಹಗುರಾಗುತ್ತದೆ, ಏಕೆಂದರೆ ಉಪ್ಪುನೀರು ಶೇಕಡ 2.5ರಷ್ಟು ಹೆಚ್ಚು ಸಾಂದ್ರ. ನಿಲ್ಲಿಸಿದ ಕೂಡಲೇ ಮೆಲ್ಲಗೆ ಮೇಲೇಳುತ್ತದೆ. ಹೊಟ್ಟೆಗೆ ಸೀಸದ ಪಟ್ಟಿ ಅರ್ಧ ಗ್ರಾಂ ಅಂಟಿಸಿದರೆ ಸರಿಹೋಗುತ್ತದೆ. ಮೇಲೆ ಹೊಳೆಯ ಸಿಹಿನೀರು, ತಳದಲ್ಲಿ ಉಬ್ಬರದ ಉಪ್ಪುನೀರು ಪದರವಾಗಿ ನುಗ್ಗುವ ದಿನ ಇನ್ನೂ ತಮಾಷೆ: ಮೇಲಿನ ಪದರದಲ್ಲಿ ಮೆಲ್ಲಗೆ ಮುಳುಗುವ ಲೂರ್ ಎರಡರ ಗಡಿಗೆ ಬಂದು ನಿಂತುಬಿಡುತ್ತದೆ. ತಳ ಸಿಕ್ಕಿತು ಎಂದುಕೊಂಡವರಿಗೆ ತಳ ಇನ್ನೂ ಎರಡಾಳು ಕೆಳಗಿರುತ್ತದೆ.

ಒಳಗೆ ಗುಂಡು ಹಾಕಿ ಗಿಲಿಗಿಲಿ ಸದ್ದು ಮಾಡುವ ಲೂರ್‌ಗಳ ವಿಷಯ. ಲೋಹದ ಗುಂಡುಗಳ ಸದ್ದಿನ ಬಹುಪಾಲು ಕೀಚಲು, ಸಾವಿರಾರು ಹರ್ಟ್ಸ್‌ನದು. ಕಾವೇರಿಯ ಮಹಶೀರ್ ಕಾರ್ಪ್ ಕುಟುಂಬದ್ದು. ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಪುಟ್ಟ ಮೂಳೆಗಳ ಸರಪಳಿ ಅದಕ್ಕಿದೆ, ಅಷ್ಟು ಮೇಲಿನ ಸ್ವರ ಅದಕ್ಕೆ ಕೇಳುತ್ತದೆ. (ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.) ಆ ಜೋಡಣೆ ಇಲ್ಲದ ಹೆಚ್ಚಿನ ಕಡಲಮೀನುಗಳಿಗೆ ಕೆಲವು ನೂರು ಹರ್ಟ್ಸ್‌ನಿಂದಾಚೆ ಹೆಚ್ಚುಕಡಿಮೆ ಮೌನ. ಅವುಗಳ ಪಾಲಿಗೆ ಗಿಲಕಿಗಿಂತ ಅಗಲ ಲಿಪ್ ಮೇಲು.

ಕಡಲೊಳಗಿನ ಬಂಡೆಗಳ ಮೇಲೆ ಲಿಪ್‌ಗೆ ಕೆಲಸವಿಲ್ಲ, ಅಲ್ಲಿ ಜಿಗ್, ಅಂದರೆ ನೇರ ಕೆಳಕ್ಕೆ ಇಳಿಬಿಟ್ಟು ಕುಣಿಸುವ ಲೋಹದ ಲೂರ್. ಮೀಟರ್ ಆಳಕ್ಕೆ ಎರಡು ಮೂರು ಗ್ರಾಂ ಲೆಕ್ಕ. 40 ಮೀಟರಿಗೆ 80ರಿಂದ 120 ಗ್ರಾಂ, ಸೆಳೆತ ಜೋರಿದ್ದರೆ ಇನ್ನೂ ಹೆಚ್ಚು. ತೂಕ ನಡುವಿನಲ್ಲಿರುವ ಚಪ್ಪಟೆ ಜಿಗ್ ಒಣಗಿದ ಎಲೆ ಉದುರುವಂತೆ ಓಲಾಡಿ ಇಳಿಯುತ್ತದೆ, ಬಾಲದಲ್ಲಿ ತೂಕವಿರುವುದು ಬಾಣದಂತೆ. ಬೀಳುವ ಕಾಗದದ ಚೂರು ಏಕೆ ಹೊರಳುತ್ತದೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1854ರಷ್ಟು ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು.

ಹೊರಟಾಗ 'ಎಲ್ಲಿಗೆ' ಎಂದು ಯಾರೋ ಕೇಳಿದ್ದರಿಂದ ಮೀನು ಸಿಗಲಿಲ್ಲ ಎನ್ನುವವರ ಜೊತೆ ವಾದವಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಎನ್ನುವವರ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಆ ದಿನಗಳ ಸುತ್ತ ಉಬ್ಬರವಿಳಿತದ ಅಂತರ ಹೆಚ್ಚು, ಸೆಳೆತ ಹೆಚ್ಚು, ಸಿಗಡಿಯೂ ಮರಿಮೀನೂ ಕಾಂಡ್ಲಾದಿಂದ ಹೊರಕ್ಕೆ ಕೊಚ್ಚಿ ಬರುತ್ತವೆ. ಚಂದ್ರ ಎಳೆಯುವುದು ನೀರನ್ನು, ಮೀನಿನ ಹಸಿವನ್ನಲ್ಲ. ಸೆಳೆತ ಜೋರಿರುವಾಗ ಚರ್ಮದ ಮೇಲಿನ ಕೂದಲಕೋಶಗಳು ಗದ್ದಲದಲ್ಲಿ ಕಿವುಡಾಗುತ್ತವೆ. ಆಗ ದೊಡ್ಡ ಲಿಪ್. ನೀರು ನಿಂತ ಹೊತ್ತಿಗೆ ಸಣ್ಣದು.

ಇಷ್ಟೆಲ್ಲವನ್ನೂ ಅಳೆಯುವ ಉಪಕರಣ ರಾಡ್‌ನ ತುದಿಯೇ. ಹಿಗ್ಗದ ಬ್ರೇಡ್ ದಾರವಿದ್ದರೆ ಲೂರ್‌ನ ಒಂದೊಂದು ಕುಲುಕೂ ತುದಿಗೆ ಬರುತ್ತದೆ, ಅಂಗೈಯಲ್ಲಿ ಎಣಿಸಬಹುದು. ಹಾಗೆ ಎಣಿಸುತ್ತಿರುವಾಗ ತುದಿ ಇದ್ದಕ್ಕಿದ್ದಂತೆ ತಣ್ಣಗಾಗಿ ಬರೀ ಭಾರ ಎಳೆದಂತಾದರೆ ಲಿಪ್‌ಗೆ ಎಲೆ ಸಿಕ್ಕಿಕೊಂಡಿದೆ. ಇನ್ನಷ್ಟು ಎಳೆದು ಪ್ರಯೋಜನವಿಲ್ಲ. ಬೇಗ ಸುತ್ತಿ, ಎಲೆ ಕಿತ್ತು, ಮತ್ತೆ ಎಸೆಯಿರಿ.