ಪ್ರೊಗ್ರೆಸಿವ್ ಮೆಟಲ್: ಹೊಸ ತಂಡದ ಚೊಚ್ಚಲ ಆಲ್ಬಮ್ ಕೇಳುವವರಿಗೆ

'ಯುವ ಪ್ರೊಗ್ರೆಸಿವ್ ಮೆಟಲ್ ತಂಡದ ಚೊಚ್ಚಲ ಆಲ್ಬಮ್ ಬಿಡುಗಡೆ' ಎಂಬ ಸುದ್ದಿ ಕಂಡಾಗ ಮೆಟಲ್ ಎಂದರೇನು ಎಂಬ ಅಂದಾಜು ಹೆಚ್ಚಿನವರಿಗೆ ಇರುತ್ತದೆ. ಡಿಸ್ಟಾರ್ಷನ್ (ಬೇಕೆಂದೇ ಒಡಕಾಗಿಸಿದ ಸದ್ದು) ತುಂಬಿದ ಗಿಟಾರ್, ಎರಡೂ ಕಾಲುಗಳಿಂದ ಬಾರಿಸುವ ಬೇಸ್ ಡ್ರಮ್, ಎದೆ ನಡುಗಿಸುವ ದನಿ. ಗೊಂದಲ ಶುರುವಾಗುವುದು 'ಪ್ರೊಗ್ರೆಸಿವ್' ಎಂಬಲ್ಲಿ. ಉದ್ದದ ಹಾಡು, ತಲೆಕೆಡಿಸುವ ಲೆಕ್ಕ, ಬೆರಳ ವೇಗದ ಪ್ರದರ್ಶನ ಎಂದು ಅದನ್ನು ವಿವರಿಸಿ ಮುಗಿಸುವವರು ಬಹಳ. ಇವೆಲ್ಲ ಈ ಸಂಗೀತದಲ್ಲಿ ಸಿಗುತ್ತವೆ, ನಿಜ. ಆದರೆ ಇದರ ಜೀವ ಬೇರೆಡೆ ಇದೆ. ಇಲ್ಲಿ ಹಾಡಿಗೆ ಮೊದಲೇ ಕಟ್ಟಿಟ್ಟ ಚೌಕಟ್ಟು ಇರುವುದಿಲ್ಲ. ಹೇಳಬೇಕಾದದ್ದು ಯಾವ ಆಕಾರ ಬೇಡುತ್ತದೋ ಹಾಡು ಆ ಆಕಾರಕ್ಕೆ ಬೆಳೆಯುತ್ತದೆ.

ಸಾಮಾನ್ಯ ರಾಕ್ ಹಾಡಿನಲ್ಲಿ ಚರಣ, ಪಲ್ಲವಿ, ಮತ್ತೆ ಚರಣ, ಮತ್ತೆ ಪಲ್ಲವಿ, ನಡುವೆ ಒಂದು ಗಿಟಾರ್ ಸೋಲೊ ಇರುತ್ತದೆ. ಎರಡು ನಿಮಿಷ ಕೇಳಿದರೆ ಮುಂದಿನದನ್ನು ಊಹಿಸಬಹುದು. ಪ್ರೊಗ್ರೆಸಿವ್ ಮೆಟಲ್‌ನಲ್ಲಿ ಮೊದಲ ನಿಮಿಷದ ಗಿಟಾರ್ ರಿಫ್ (ಮತ್ತೆ ಮತ್ತೆ ನುಡಿಸುವ ಪುಟ್ಟ ಸ್ವರಗುಚ್ಛ) ಐದನೇ ನಿಮಿಷದಲ್ಲಿ ಕೀಬೋರ್ಡಿನ ಮೆಲುದನಿಯಾಗಿ ಮರಳಬಹುದು. ಒಂಬತ್ತನೇ ನಿಮಿಷದಲ್ಲಿ ಅದೇ ಸ್ವರಗಳು ಬೇರೊಂದು ತಾಳದಲ್ಲಿ, ಎರಡು ಪಟ್ಟು ಭಾರವಾಗಿ ಬಂದಾಗ, ಮೊದಲು ಕೇಳಿದ್ದರ ಅರ್ಥವೇ ಬದಲಾಗಿರುತ್ತದೆ. ಇದಕ್ಕೆ ಜಾಗ ಬೇಕು. ಹಾಗಾಗಿ ಹಾಡು ಉದ್ದವಾಗುತ್ತದೆ. ಉದ್ದವಾಗಿರುವುದರಿಂದಲೇ ಒಂದು ಹಾಡು ಪ್ರೊಗ್ರೆಸಿವ್ ಆಗಿಬಿಡುವುದಿಲ್ಲ.

ಈ ಪ್ರಕಾರದ ಎರಡು ಬೇರುಗಳೂ ಚೊಚ್ಚಲ ಆಲ್ಬಮ್‌ಗಳೇ. 1969ರ ಅಕ್ಟೋಬರಿನಲ್ಲಿ ಬಂದ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್, ಜಾಜ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನು ರಾಕ್‌ಗೆ ತಂದಿತು. 1970ರ ಫೆಬ್ರವರಿಯಲ್ಲಿ ಬಂದದ್ದು ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಮ್. ಅದರ ಧ್ವನಿಮುದ್ರಣ ಹೆಚ್ಚೂಕಡಿಮೆ ಒಂದೇ ದಿನದಲ್ಲಿ ಮುಗಿದಿತ್ತು. ಮೆಟಲ್‌ನ ಭಾರ ಅಲ್ಲಿಂದ ಬಂತು. ಎರಡೂ ಇಂಗ್ಲೆಂಡಿನವು, ನಡುವೆ ನಾಲ್ಕೇ ತಿಂಗಳು. ಇವೆರಡರ ನಡುವೆ ಸೇತುವೆ ಕಟ್ಟಿದವರಲ್ಲಿ ಕೆನಡಾದ ರಶ್ ತಂಡದವರು ಮುಖ್ಯರು. 1976ರ '2112' ಆಲ್ಬಮ್‌ನಲ್ಲಿ ಎಲ್‌ಪಿಯ (ಎರಡು ಬದಿಯ ಗ್ರಾಮೊಫೋನ್ ತಟ್ಟೆಯ) ಒಂದಿಡೀ ಬದಿಯನ್ನು, ಇಪ್ಪತ್ತು ನಿಮಿಷವನ್ನು, ಒಂದೇ ಕಥೆಗೆ ಮೀಸಲಿಟ್ಟರು. 1980ರ ದಶಕದಲ್ಲಿ ಅಮೆರಿಕದ ಕ್ವೀನ್ಸ್‌ರೈಕ್, ಫೇಟ್ಸ್ ವಾರ್ನಿಂಗ್, ವಾಚ್‌ಟವರ್ ತಂಡಗಳು ಅದನ್ನು ಪೂರ್ತಿ ಮೆಟಲ್ ಕಡೆಗೆ ಎಳೆದವು.

ಆಮೇಲೆ ಡ್ರೀಮ್ ಥಿಯೇಟರ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು 1985ರಲ್ಲಿ ಕಟ್ಟಿದ ತಂಡ ಇದು. 1989ರಲ್ಲಿ ಬಂದ ಇವರ ಮೊದಲ ಆಲ್ಬಮ್ ಹೆಚ್ಚು ಸದ್ದು ಮಾಡಲಿಲ್ಲ, ಗಾಯಕನನ್ನೂ ತಂಡ ಕೈಬಿಟ್ಟಿತು. ಹೊಸ ಗಾಯಕನೊಂದಿಗೆ 1992ರಲ್ಲಿ ಬಂದ ಎರಡನೇ ಆಲ್ಬಮ್ 'ಇಮೇಜಸ್ ಆ್ಯಂಡ್ ವರ್ಡ್ಸ್'ನ ಎಂಟು ನಿಮಿಷದ ಹಾಡೊಂದು ರೇಡಿಯೊದಲ್ಲೂ ಎಂಟಿವಿಯಲ್ಲೂ ಓಡಿತು. ಈ ಪ್ರಕಾರ ಜನರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಅಲ್ಲಿಂದ.

ಈಗ ತಾಳದ ವಿಚಾರ. ಹೊಸಬರನ್ನು ಹೆದರಿಸುವುದೂ ಹಳಬರನ್ನು ಹಿಡಿದಿಡುವುದೂ ಇದೇ. ರಾಕ್‌ನ ರೂಢಿಯ ತಾಳ ನಾಲ್ಕರದು. ಇಲ್ಲಿ ಐದು, ಏಳು, ಒಂಬತ್ತು, ಹನ್ನೊಂದು ಧಾರಾಳವಾಗಿ ಬರುತ್ತವೆ. ಏಳನ್ನು 'ತಕಿಟ ತಕಧಿಮಿ' ಎಂದು ಕೈಯಲ್ಲಿ ಹಾಕಬಲ್ಲ ಕಿವಿಗೆ ಇದರಲ್ಲಿ ಭಯಪಡುವಂಥದ್ದು ಏನೂ ಇಲ್ಲ. ಮೊದಲ ಸಲ ಎಡವಿದಂತೆ ಅನಿಸುವುದು, ನಾಲ್ಕರ ನಿರೀಕ್ಷೆಯಲ್ಲಿ ಕೂತ ಕಿವಿಗೆ ಒಂದು ಪೆಟ್ಟು ಬೇಗ ಬಂದುಬಿಡುವುದರಿಂದ. ನಾಲ್ಕೈದು ಆವರ್ತ ಕಳೆದರೆ ಅದೇ ನಡೆ ಸಹಜವಾಗುತ್ತದೆ.

ಇದಕ್ಕಿಂತ ಸೊಗಸಾದದ್ದು ಎರಡು ಲೆಕ್ಕಗಳು ಒಟ್ಟಿಗೆ ಓಡುವುದು. ಗಿಟಾರ್ ಐದು ಮಾತ್ರೆಯ ರಿಫ್ ನುಡಿಸುತ್ತಿದೆ, ಡ್ರಮ್ಮರ್‌ನ ಬಲಗೈ ಸಿಂಬಲ್ (ಕಂಚಿನ ತಟ್ಟೆ) ಮೇಲೆ ನಾಲ್ಕರ ತಾಳ ಬಿಡದೆ ಹಿಡಿದಿದೆ ಎಂದುಕೊಳ್ಳಿ. ಇಬ್ಬರೂ ಒಟ್ಟಿಗೆ ಹೊರಟು, ಕೂಡಲೇ ಬೇರೆಯಾಗಿ, ಇಪ್ಪತ್ತು ಮಾತ್ರೆಗಳಾದ ಮೇಲೆ ಮತ್ತೆ ಒಂದೇ ಪೆಟ್ಟಿನಲ್ಲಿ ಸೇರುತ್ತಾರೆ. ಅಷ್ಟರಲ್ಲಿ ರಿಫ್ ನಾಲ್ಕು ಸಲ, ಸಿಂಬಲ್‌ನ ಆವರ್ತ ಐದು ಸಲ ಮುಗಿದಿರುತ್ತದೆ. ಹೀಗೆ ಸೇರುವ ಕ್ಷಣದ ಸುಖವನ್ನು ಒಮ್ಮೆ ಉಂಡವರು ಈ ಸಂಗೀತವನ್ನು ಬಿಡುವುದು ಕಷ್ಟ. ಸ್ವೀಡನ್ನಿನ ಮೆಶುಗ್ಗಾ ಈ ವಿದ್ಯೆಯನ್ನು ತನ್ನ ಗುರುತಾಗಿಸಿಕೊಂಡ ತಂಡ. ಎಂಟು ತಂತಿಯ ಗಿಟಾರಿನ ತಗ್ಗು ತಂತಿಯನ್ನು ಅಂಗೈಯಂಚಿನಿಂದ ಅದುಮಿ ಮೀಟಿದಾಗ ಹೊರಡುವ ಸದ್ದನ್ನು ಅನುಕರಿಸಿ ಹುಟ್ಟಿದ ಮಾತೇ 'ಜೆಂಟ್'. ಇಂದು ಅನೇಕ ಯುವ ತಂಡಗಳ ಹೆಸರಿನ ಜೊತೆ ಅದು ಕಾಣುತ್ತದೆ.

ಲೆಕ್ಕ ಹಾಡಿನ ಮಾತಿಗೆ ದುಡಿದಾಗ ಏನಾಗುತ್ತದೆ ಎಂಬುದಕ್ಕೆ ಟೂಲ್ ತಂಡದ 2001ರ 'ಲ್ಯಾಟರಾಲಸ್' ಹಾಡು ಸಾಕ್ಷಿ. ಸುರುಳಿಯಂತೆ ಹೊರಕ್ಕೆ ಹರಡಿಕೊಳ್ಳುವ ಬದುಕಿನ ಬಗೆಗಿನ ಹಾಡು ಅದು. ಪಲ್ಲವಿಯ ತಾಳ ಒಂಬತ್ತು, ಎಂಟು, ಏಳು ಎಂದು ಇಳಿದು ಮತ್ತೆ ಒಂಬತ್ತಕ್ಕೆ ಏರುತ್ತದೆ. ಚರಣದ ಸಾಲುಗಳ ಉಚ್ಚಾರಾಂಶಗಳ (ಸಿಲಬಲ್) ಸಂಖ್ಯೆ ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿಯಲ್ಲಿ ಬೆಳೆದು ಮತ್ತೆ ಇಳಿಯುತ್ತದೆ. ಇದನ್ನು ತಿಳಿಯದೆ ಕೇಳಿದರೂ ಹಾಡು ಸುತ್ತಿಕೊಳ್ಳುತ್ತಿದೆ ಎಂಬ ಅನುಭವ ಆಗಿಯೇ ಆಗುತ್ತದೆ. ಲೆಕ್ಕ ಇರಬೇಕಾದದ್ದು ಹೀಗೆ.

ಇಂಥ ಸಂಗೀತದಲ್ಲಿ ಮೊದಲ ಆಲ್ಬಮ್ ಮಾಡುವುದು ಯುವಕರಿಗೆ ದೊಡ್ಡ ಸಾಹಸ. ಮೂರು ನಿಮಿಷದ ಹಾಡುಗಳ ತಂಡ ಸ್ಟುಡಿಯೊಗೆ ಹೋಗಿ ಒಂದೇ ವೇಗದ ಕ್ಲಿಕ್ (ತಾಳ ಹಿಡಿಯಲು ಕಿವಿಯಲ್ಲಿ ಕೇಳಿಸುವ ಟಿಕ್‌ಟಿಕ್) ಹಾಕಿಕೊಂಡು ನುಡಿಸಬಹುದು. ಇವರು ವೇಗ ಎಲ್ಲಿ ಏರುತ್ತದೆ, ಯಾವ ಆವರ್ತದಲ್ಲಿ ಎಷ್ಟು ಮಾತ್ರೆ ಎಂಬುದನ್ನೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ಹಾಕಿಟ್ಟುಕೊಳ್ಳಬೇಕು. ಅದರ ಮೇಲೆ ಡ್ರಮ್ಸ್, ಆಮೇಲೆ ಬೇಸ್, ಪ್ರತಿ ರಿಫ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೇರೆಬೇರೆಯಾಗಿ ನುಡಿಸಿದ ಗಿಟಾರ್, ಕೊನೆಗೆ ಗಾಯನ. ಎಡಬಲದ ಗಿಟಾರ್‌ಗಳು ಕೂದಲೆಳೆಯಷ್ಟು ತಪ್ಪಿದರೂ ರಿಫ್‌ನ ಪೆಟ್ಟು ಮಂಕಾಗುತ್ತದೆ. ಈಗ ಈ ಕೆಲಸದ ಬಹುಪಾಲು ಮನೆಯ ಕೋಣೆಯಲ್ಲೇ ಆಗುತ್ತದೆ. ಗಿಟಾರ್ ವಾದಕ ಟೋಸಿನ್ ಅಬಾಸಿಯ ಅನಿಮಲ್ಸ್ ಆ್ಯಸ್ ಲೀಡರ್ಸ್ ತಂಡ 2009ರಲ್ಲಿ ತಂದ ಮೊದಲ ಆಲ್ಬಮ್‌ನ ಡ್ರಮ್ಸ್ ಯಾರೂ ಬಾರಿಸಿದ್ದಲ್ಲ, ಇನ್ನೊಬ್ಬ ಗಿಟಾರ್ ವಾದಕ ಮಿಶಾ ಮನ್ಸೂರ್ ಕಂಪ್ಯೂಟರಿನಲ್ಲಿ ಬರೆದದ್ದು. ಅದೇ ಮನ್ಸೂರ್ ಅಂತರ್ಜಾಲದಲ್ಲಿ ಹಾಕುತ್ತಿದ್ದ ಡೆಮೊಗಳಿಂದ (ಕರಡು ಧ್ವನಿಮುದ್ರಣಗಳಿಂದ) ಅವನ ಪೆರಿಫೆರಿ ತಂಡಕ್ಕೆ ಕೇಳುಗರು ಮೊದಲೇ ಸಿಕ್ಕಿದ್ದರು. ಆ ತಂಡದ ಗಾಯಕ ಬದಲಾದದ್ದು 2010ರಲ್ಲಿ ಚೊಚ್ಚಲ ಆಲ್ಬಮ್ ಹೊರಬರಲು ಕೆಲವೇ ತಿಂಗಳಿದ್ದಾಗ.

ಮೊದಲ ಆಲ್ಬಮ್‌ಗಳ ಮೇಲೆ ವಿಮರ್ಶಕರ ದೂರು ಸಾಮಾನ್ಯವಾಗಿ ಒಂದೇ: ತುಂಬಾ ತುರುಕಿದ್ದಾರೆ. ದೂರಿನಲ್ಲಿ ಹುರುಳಿಲ್ಲದಿಲ್ಲ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸಿನ ಮಿತಿಯಿತ್ತು, ಸಿಡಿ ಅದನ್ನು ಒಟ್ಟು 74 ನಿಮಿಷಕ್ಕೂ ಮೀರಿಸಿತು, ಸ್ಟ್ರೀಮಿಂಗ್‌ನಲ್ಲಿ ಮಿತಿಯೇ ಇಲ್ಲ. ಬೇಡವೆನ್ನುವವರಿಲ್ಲದಾಗ ಎಲ್ಲವೂ ಒಳಗೆ ಬರುತ್ತದೆ. ಆದರೂ ನನಗೆ ಈ ತುಂಬಿ ತುಳುಕುವಿಕೆ ಇಷ್ಟ. ತಂಡ ಹುಟ್ಟುವ ಮೊದಲಿನಿಂದ ಕೂಡಿಟ್ಟ ರಿಫ್‌ಗಳು, ಹದಿನೆಂಟರಲ್ಲಿ ಬರೆದ ಸಾಲುಗಳು ಮೊದಲ ಆಲ್ಬಮ್‌ನಲ್ಲಿ ಜಾಗ ಕೇಳುತ್ತವೆ. ಎರಡನೆಯದಕ್ಕೆ ಅಷ್ಟು ವರ್ಷಗಳ ಬುತ್ತಿ ಇರುವುದಿಲ್ಲ. ಅಮೆರಿಕದ ಫ್ಲಾರಿಡಾದ ಸಿನಿಕ್ 1993ರ ತನ್ನ ಮೊದಲ ಆಲ್ಬಮ್ 'ಫೋಕಸ್'ನಲ್ಲಿ ಗರ್ಜಿಸುವ ದನಿಯ ಡೆತ್ ಮೆಟಲ್, ಜಾಜ್, ವೊಕೋಡರ್‌ನಲ್ಲಿ ಹಾಯಿಸಿದ ಯಂತ್ರದಂಥ ದನಿ ಮೂರನ್ನೂ ಒಟ್ಟಿಗೆ ಇಟ್ಟಿತು. ಅಳೆದು ತೂಗುವ ಹಿರಿಯರಿದ್ದಿದ್ದರೆ ಒಂದನ್ನಾದರೂ ತೆಗೆಸುತ್ತಿದ್ದರು. ಆ ಆಲ್ಬಮ್‌ಗೆ ಇವತ್ತಿಗೂ ಕೇಳುಗರಿದ್ದಾರೆ.

ಹಾಗಾಗಿ ಹೊಸ ತಂಡದ ಆಲ್ಬಮ್ ಸಿಕ್ಕಾಗ ಮೊದಲ ಸಲ ಎಣಿಸಲು ಹೋಗಬೇಡಿ, ಇಡಿಯಾಗಿ ಕೇಳಿ. ಎರಡನೇ ಸಲ ಡ್ರಮ್ಮರ್‌ನ ಕೈಯನ್ನು ಮಾತ್ರ ಹಿಂಬಾಲಿಸಿ. ಇಡೀ ಕಟ್ಟಡದ ನಕ್ಷೆ ಅಲ್ಲಿರುತ್ತದೆ. ಒಂದು ಭಾಗದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತಾರೆ ಎಂಬುದನ್ನು ಗಮನಿಸಿ. ಎಳೆಯ ತಂಡಗಳು ಎಡವುವುದು ಹೆಚ್ಚಾಗಿ ಅಲ್ಲಿ: ಒಳ್ಳೆಯ ರಿಫ್ ಪಕ್ಕಕ್ಕೆ ಇನ್ನೊಂದು ಒಳ್ಳೆಯ ರಿಫ್, ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಒಂದೇ ಒಂದು ಹಾಡಿನಲ್ಲಾದರೂ ಆ ದಾಟುವಿಕೆ ಸಲೀಸಾಗಿದ್ದರೆ ತಂಡದ ಹೆಸರು ನೆನಪಿಟ್ಟುಕೊಳ್ಳಿ.

ಹಿರಿಯ ತಂಡಗಳ ನೆರಳು ಎದ್ದು ಕಂಡರೆ ಬೇಸರಪಡಬೇಕಿಲ್ಲ. ಮೆಶುಗ್ಗಾದ 1991ರ ಮೊದಲ ಆಲ್ಬಮ್‌ನಲ್ಲಿ ಅಮೆರಿಕದ ಮೆಟಾಲಿಕಾ ತಂಡದ ಥ್ರ್ಯಾಶ್ (ವೇಗದ, ಒರಟು ಮೆಟಲ್) ಪ್ರಭಾವ ಢಾಳಾಗಿ ಕೇಳುತ್ತದೆ. ಈಗ ಎಲ್ಲರೂ ಅನುಕರಿಸುವ ಅವರದೇ ದನಿ ಗಟ್ಟಿಯಾದದ್ದು 1995ರ ಎರಡನೇ ಆಲ್ಬಮ್‌ನಲ್ಲಿ.