ಗೆಮೈಂಡೆ: ಹುಲ್ಲಿನ ಲೆಕ್ಕದಿಂದ ಹುಟ್ಟಿದ ಆಲ್ಪ್ಸ್‌ನ ಊರಾಡಳಿತ

ಸ್ವಿಟ್ಜರ್ಲೆಂಡಿನ ಪ್ರಜೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಹೆಸರು ಇರುವುದಿಲ್ಲ. ಅದರ ಬದಲಿಗೆ ‘ಹೈಮಾಟ್‌ಓರ್ಟ್’ ಎಂಬ ಕಲಮಿನಲ್ಲಿ ಯಾವುದೋ ಒಂದು ಊರಿನ ಹೆಸರಿರುತ್ತದೆ. ಪಾಸ್‌ಪೋರ್ಟ್ ಹಿಡಿದವರು ಅಲ್ಲಿ ಹುಟ್ಟಿರಬೇಕಿಲ್ಲ, ಬದುಕಿರಬೇಕಿಲ್ಲ, ಒಮ್ಮೆ ನೋಡಿರಲೂಬೇಕಿಲ್ಲ. ಅವರ ಪೂರ್ವಿಕರು ಯಾವ ಊರಿನ ಹಕ್ಕುದಾರರಾಗಿದ್ದರೋ ಆ ಊರು ಅದು. ಒಂದು ದೇಶ ತನ್ನ ಪ್ರಜೆಗಳನ್ನು ಹೀಗೆ ಗುರುತಿಸುವುದು ವಿಚಿತ್ರವೆನಿಸಬಹುದು. ಇದಕ್ಕೆ ಕಾರಣ ತಿಳಿಯಬೇಕಾದರೆ ಗೆಮೈಂಡೆ ಎಂದರೇನೆಂದು ತಿಳಿಯಬೇಕು.

ಸ್ವಿಸ್ ಒಕ್ಕೂಟದಲ್ಲಿ 26 ಕ್ಯಾಂಟನ್‌ಗಳು, ಅಂದರೆ ರಾಜ್ಯಗಳು, ಇವೆ. ಅವುಗಳ ಕೆಳಗೆ ಸುಮಾರು 2,100 ಗೆಮೈಂಡೆಗಳಿವೆ. ಜ್ಯೂರಿಕ್ ಮಹಾನಗರವೂ ಒಂದು ಗೆಮೈಂಡೆ, ಬೆಟ್ಟದ ಮೇಲಿನ ನೂರು ಮನೆಗಳ ಹಳ್ಳಿಯೂ ಒಂದು ಗೆಮೈಂಡೆ. ಪ್ರಾಥಮಿಕ ಶಾಲೆ, ಒಳರಸ್ತೆ, ಕುಡಿಯುವ ನೀರು, ಎಲ್ಲಿ ಮನೆ ಕಟ್ಟಬಹುದು ಎಲ್ಲಿ ಕಟ್ಟಬಾರದು ಎಂಬ ತೀರ್ಮಾನ ಇವೆಲ್ಲ ಅದರ ಕೈಯಲ್ಲಿವೆ. ಮುಖ್ಯವಾಗಿ, ಅದು ಜನರ ಆದಾಯದ ಮೇಲೆ ತಾನೇ ತೆರಿಗೆ ಹಾಕುತ್ತದೆ. ಒಕ್ಕೂಟಕ್ಕೆ, ಕ್ಯಾಂಟನ್‌ಗೆ, ಗೆಮೈಂಡೆಗೆ ಹೀಗೆ ಮೂರು ತೆರಿಗೆ ಕಟ್ಟುವ ಸ್ವಿಸ್ ನಾಗರಿಕ, ಊರು ಬದಲಿಸಿದರೆ ತೆರಿಗೆಯ ದರವೂ ಬದಲಾಗುತ್ತದೆ. ಹೊರದೇಶದವರು ಸ್ವಿಸ್ ಪೌರತ್ವ ಬೇಡಿದಾಗಲೂ ಸಾಮಾನ್ಯವಾಗಿ ಒಂದು ಗೆಮೈಂಡೆಯ ಒಪ್ಪಿಗೆ ಬೇಕು. ಬಹುಪಾಲು ಗೆಮೈಂಡೆಗಳಲ್ಲಿ ಚುನಾಯಿತ ಶಾಸನಸಭೆಯಿಲ್ಲ. ಮತದ ಹಕ್ಕಿರುವವರೆಲ್ಲ ಸೇರುವ ಸಭೆಯೇ ಆಯವ್ಯಯಕ್ಕೆ ಕೈಯೆತ್ತುತ್ತದೆ.

ಇದು ಇಂದಿನ ಕಾನೂನಿನ ಮಾತು. ಆಲ್ಪ್ಸ್ ಬೆಟ್ಟಗಳ ನಡುವಿನ ಊರುಗಳಲ್ಲಿ ಈ ಸಂಸ್ಥೆ ಕಚೇರಿಯಾಗುವುದಕ್ಕೆ ಎಷ್ಟೋ ಮೊದಲೇ ಹುಲ್ಲು, ನೀರು, ಸೌದೆಗಳ ಲೆಕ್ಕವಾಗಿ ಬೆಳೆಯಿತು. ಆ ಲೆಕ್ಕ ಹೇಗಿತ್ತೆಂದು ಸ್ಪಷ್ಟವಾಗಿ ಕಾಣುವ ಊರುಗಳಲ್ಲಿ ಒಂದು ಟೋರ್ಬೆಲ್.

ಟೋರ್ಬೆಲ್ ಇರುವುದು ದಕ್ಷಿಣದ ವಾಲಿಸ್ ಕ್ಯಾಂಟನ್‌ನಲ್ಲಿ. ಫ್ರೆಂಚ್ ಮಾತನಾಡುವವರು ಇದೇ ಕ್ಯಾಂಟನ್ನನ್ನು ವಾಲೆ ಎನ್ನುತ್ತಾರೆ. ಟೋರ್ಬೆಲ್ ಇರುವ ಮೇಲಿನ ಭಾಗದ ಭಾಷೆ ಜರ್ಮನ್. ರೋನ್ ನದಿಯ ದಡದ ವಿಸ್ಪ್ ಪಟ್ಟಣದಿಂದ ದಕ್ಷಿಣಕ್ಕೆ ತಿರುಗಿದರೆ ಇಕ್ಕಟ್ಟಾದ ಕಣಿವೆಯೊಂದು ಸ್ಟಾಲ್ಡೆನ್ ಎಂಬಲ್ಲಿ ಎರಡಾಗಿ ಸೀಳುತ್ತದೆ. ಒಂದು ಕವಲು ಪ್ರವಾಸಿಗರ ನೆಚ್ಚಿನ ಜೆರ್ಮಾಟ್‌ಗೆ, ಇನ್ನೊಂದು ಸಾಸ್ ಕಡೆಗೆ. ಜೆರ್ಮಾಟ್‌ಗೆ ಹೋಗುವ ರೈಲಿನ ಕಿಟಕಿಯಿಂದ ಟೋರ್ಬೆಲ್ ಕಾಣಬೇಕಾದರೆ ಕತ್ತನ್ನು ಚೆನ್ನಾಗಿಯೇ ಹೊರಳಿಸಬೇಕು, ಏಕೆಂದರೆ ಊರು ಸ್ಟಾಲ್ಡೆನ್‌ನ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಬಿಸಿಲಿಗೆ ಮೈಯೊಡ್ಡಿದ ಕಡಿದಾದ ಇಳಿಜಾರಿನಲ್ಲಿದೆ. ಗೆಮೈಂಡೆಯ ಎಲ್ಲೆ ಕೆಳಗೆ ಕಣಿವೆಯ ಕಡೆಯಿಂದ ಆರಂಭವಾಗಿ ಮೇಲೆ 3,000 ಮೀಟರ್‌ಗೆ ತುಸುವೇ ಕಡಿಮೆಯಿರುವ ಔಗ್ಸ್ಟ್‌ಬೋರ್ಡ್‌ಹಾರ್ನ್ ಶಿಖರದವರೆಗೆ ಏರುತ್ತದೆ. ನಕ್ಷೆಯಲ್ಲಿ ಇದು ಪುಟ್ಟ ಜಾಗ. ಆದರೆ ಆಲ್ಪ್ಸ್‌ನ ಊರನ್ನು ನಕ್ಷೆಯಿಂದ ಅಳೆಯಬಾರದು; ಬದುಕು ಅಲ್ಲಿ ಅಡ್ಡಕ್ಕಿಂತ ಉದ್ದಕ್ಕೆ ಹರಡಿರುತ್ತದೆ.

ತೀರ ಕೆಳಗೆ ದ್ರಾಕ್ಷಿ ತೋಟ. ಊರಿನ ಸುತ್ತ ರೈ ಧಾನ್ಯದ ಹೊಲ, ತರಕಾರಿ ಹಿತ್ತಲು, ಹುಲ್ಲು ಕೊಯ್ಯುವ ಮಾಳ. ಅದರ ಮೇಲೆ ಕಾಡು. ಕಾಡು ಮುಗಿದು ಮರ ಬೆಳೆಯದಷ್ಟು ಚಳಿಯಾದ ಎತ್ತರದಲ್ಲಿ ಬೇಸಿಗೆಯ ಕೆಲವು ತಿಂಗಳು ಮಾತ್ರ ಹಸಿರಾಗುವ ಹುಲ್ಲುಗಾವಲು. ಅಲ್ಲಿನ ರೈತರು ‘ಆಲ್ಪ್’ ಎನ್ನುವುದು ಶಿಖರಗಳನ್ನಲ್ಲ, ಈ ಹುಲ್ಲುಗಾವಲನ್ನು. ಒಂದೊಂದು ಕುಟುಂಬದ ಆಸ್ತಿಯೂ ಹತ್ತಾರು ಚೂರುಗಳಾಗಿ ಈ ಎಲ್ಲ ಎತ್ತರಗಳಲ್ಲಿ ಚೆದುರಿರುತ್ತಿತ್ತು. ಆಸ್ತಿಯನ್ನು ಹೆಣ್ಣು ಗಂಡು ಮಕ್ಕಳೆಲ್ಲರಿಗೂ ಹಂಚುವ ರೂಢಿಯಿದ್ದುದರಿಂದ ಪ್ರತಿ ತಲೆಮಾರಿಗೂ ಚೂರುಗಳು ಇನ್ನಷ್ಟು ಚೂರಾಗುತ್ತಿದ್ದವು. ಕಾಳು ಕೂಡಿಡುವ ಮರದ ಕಣಜಕ್ಕೆ ಷ್ಟಾಡೆಲ್ ಎಂದು ಹೆಸರು. ಅದು ಕಂಬಗಳ ಮೇಲೆ ನಿಂತಿರುತ್ತದೆ. ಕಂಬಕ್ಕೂ ಕಣಜಕ್ಕೂ ನಡುವೆ ದುಂಡನೆಯ ಚಪ್ಪಟೆ ಕಲ್ಲು ಇಟ್ಟಿರುತ್ತಾರೆ, ಇಲಿ ಹತ್ತದಿರಲೆಂದು. ಒಂದು ಮನೆಯೇ ಹಲವು ವಾರಸುದಾರರ ನಡುವೆ ಅಂತಸ್ತು ಅಂತಸ್ತಾಗಿ ಹಂಚಿಹೋಗುವುದೂ ಇತ್ತು.

ಇನ್ನು ನೀರು. ಹಿಮಶಿಖರಗಳ ಮಡಿಲಲ್ಲಿರುವ ಊರಿಗೆ ನೀರಿನ ಬರವೇ ಎಂದು ಯಾರಾದರೂ ಕೇಳಿಯಾರು. ವಾಲಿಸ್‌ನ ಉತ್ತರಕ್ಕೂ ದಕ್ಷಿಣಕ್ಕೂ ಎತ್ತರದ ಪರ್ವತಸಾಲುಗಳಿವೆ. ಮೋಡಗಳು ಹೊರಮೈಯಲ್ಲೇ ಮಳೆ ಸುರಿಸಿ ಬರಿದಾಗುತ್ತವೆ. ಹೀಗಾಗಿ ಸ್ಟಾಲ್ಡೆನ್ ಸುತ್ತಮುತ್ತಲಿನ ಪ್ರದೇಶ ಇಡೀ ಸ್ವಿಟ್ಜರ್ಲೆಂಡಿನಲ್ಲೇ ಅತಿ ಒಣ ಭಾಗಗಳಲ್ಲಿ ಒಂದು. ಎದುರಿಗೆ ಹಿಮ ಹೊಳೆಯುತ್ತಿದ್ದರೂ ಕಾಲ್ಕೆಳಗಿನ ಹುಲ್ಲು ಬಾಡುತ್ತದೆ. ಅದಕ್ಕೆಂದೇ ಹಿಮ ಕರಗಿ ಹರಿಯುವ ತೊರೆಗಳಿಂದ ಇಳಿಜಾರಿನುದ್ದಕ್ಕೆ ಕಾಲುವೆ ತಂದರು. ಜರ್ಮನ್ ಭಾಗದಲ್ಲಿ ಇವಕ್ಕೆ ಸುವೊನೆನ್, ಫ್ರೆಂಚ್ ಭಾಗದಲ್ಲಿ ಬಿಸ್ ಎಂದು ಹೆಸರು. ವಾಲಿಸ್‌ನ ಕೆಲವು ಕಡೆ ಕಡಿದಾದ ಬಂಡೆಗೆ ಮರದ ಕಾಲುವೆಗಳನ್ನು ತೂಗುಹಾಕಿ ನೀರು ಸಾಗಿಸಿದ್ದಾರೆ. ಅದನ್ನು ಕಟ್ಟಿದವರ ಎದೆಗಾರಿಕೆ ದೊಡ್ಡದು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಪಾಳಿಯನ್ನು ಮರದ ಕೋಲಿನ ಮೇಲೆ ಗೀರು ಕೊರೆದು ದಾಖಲಿಸುತ್ತಿದ್ದರು. ಟೆಸ್ಸೆಲ್ ಎಂಬ ಈ ಕೋಲುಗಳಲ್ಲಿ ಪ್ರತಿ ಕುಟುಂಬಕ್ಕೂ ತನ್ನದೇ ಗುರುತು ಇರುತ್ತಿದ್ದುದರಿಂದ ಅಕ್ಷರ ಬಾರದವನೂ ತನ್ನ ಪಾಳಿಯನ್ನು ಓದಿಕೊಳ್ಳಬಹುದಿತ್ತು. ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಏಳು ದೇಶಗಳ ಸಾಂಪ್ರದಾಯಿಕ ನೀರಾವರಿ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊಲ, ತೋಟ, ಮನೆ, ಹುಲ್ಲು ಕೊಯ್ಯುವ ಮಾಳ ಖಾಸಗಿ. ಆಲ್ಪ್, ಕಾಡು, ಬರಡು ನೆಲ, ಕಾಲುವೆ, ಇವನ್ನೆಲ್ಲ ಜೋಡಿಸುವ ದಾರಿ ಸಮುದಾಯದ್ದು. ಗೆಮೈಂಡೆಯ ಬೇರು ಇರುವುದು ಈ ಎರಡನೆಯ ಪಟ್ಟಿಯಲ್ಲಿ. ಎತ್ತರದ ಹುಲ್ಲುಗಾವಲಿನಲ್ಲಿ ಈ ವರ್ಷ ಇಲ್ಲಿ ಹುಲ್ಲು ಚೆನ್ನಾಗಿ ಬಂದರೆ ಮುಂದಿನ ವರ್ಷ ಅಲ್ಲಿ. ಚೂರು ಮಾಡಿ ಹಂಚಿಕೊಂಡರೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಬೇಲಿ ಹಾಕುವ ಖರ್ಚು ಬೇರೆ. ಒಟ್ಟಿಗೆ ಇಟ್ಟುಕೊಂಡರೆ ನಾಲ್ಕಾರು ಕಾವಲುಗಾರರು ಸಾಕು.

ಟೋರ್ಬೆಲ್‌ನ ಜಮೀನು ವ್ಯವಹಾರದ ದಾಖಲೆಗಳು 1224ರಷ್ಟು ಹಿಂದಕ್ಕೆ ಹೋಗುತ್ತವೆ. 1483ರ ಫೆಬ್ರವರಿಯಲ್ಲಿ ಊರಿನವರು ಸೇರಿ ಆಲ್ಪ್, ಕಾಡು, ಬರಡು ನೆಲಗಳ ಬಳಕೆಗೆ ಒಂದು ಸಂಘ ಕಟ್ಟಿಕೊಂಡು ನಿಬಂಧನೆ ಬರೆದರು. ಹೊರಗಿನವನು ಟೋರ್ಬೆಲ್‌ನಲ್ಲಿ ಭೂಮಿ ಕೊಂಡರೂ ಆಲ್ಪ್‌ನಲ್ಲಿ ದನ ಮೇಯಿಸುವ ಹಕ್ಕಾಗಲಿ, ಕಾಡಿನಲ್ಲಿ ಮರ ಕಡಿಯುವ ಹಕ್ಕಾಗಲಿ ಅವನಿಗೆ ಸಿಗದು ಎಂಬುದು ಅದರ ಸಾರ. ಅಂದರೆ ಹಕ್ಕು ಭೂಮಿಗೆ ಅಂಟಿದ್ದಲ್ಲ, ಊರಿನ ಸದಸ್ಯತ್ವಕ್ಕೆ ಅಂಟಿದ್ದು. ಪಾಸ್‌ಪೋರ್ಟಿನ ಆ ಕಲಮಿನ ಹಿಂದಿರುವುದು ಈ ಬಗೆಯ ಸದಸ್ಯತ್ವವೇ.

1517ರ ಹೊತ್ತಿಗೆ ಮತ್ತೊಂದು ನಿಯಮ ದಾಖಲೆಯಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಟೋರ್ಬೆಲ್‌ನ ಇತಿಹಾಸದಲ್ಲಿ ಇದಕ್ಕಿಂತ ಜಾಣತನದ ಸಾಲು ಇನ್ನೊಂದಿಲ್ಲ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲೆಯೋ ಅದಕ್ಕಿಂತ ಹೆಚ್ಚನ್ನು ಬೇಸಿಗೆಯಲ್ಲಿ ಆಲ್ಪ್‌ಗೆ ಅಟ್ಟಬಾರದು. ಆ ಎತ್ತರದಲ್ಲಿ ದನಗಳು ವರ್ಷದಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಕೊಟ್ಟಿಗೆಯಲ್ಲೇ ಇರಬೇಕು. ಅವುಗಳ ಮೇವು ಅವನವನ ಸ್ವಂತ ಮಾಳದಿಂದ ಕೊಯ್ದು ಒಣಗಿಸಿದ ಹುಲ್ಲು. ವಸಂತದಲ್ಲಿ ಪೇಟೆಯಿಂದ ಹತ್ತು ಹಸು ಕೊಂಡು, ಬೇಸಿಗೆಯಿಡೀ ಊರಿನ ಹುಲ್ಲು ಪುಕ್ಕಟೆ ಮೇಯಿಸಿ, ಶರತ್ಕಾಲದಲ್ಲಿ ಕೊಬ್ಬಿಸಿ ಮಾರುವ ವ್ಯಾಪಾರಕ್ಕೆ ಈ ಒಂದು ಸಾಲಿನಿಂದ ಬಾಗಿಲು ಮುಚ್ಚಿತು. ನಿಯಮವನ್ನು ಜಾರಿಗೆ ತರಲು ಅಳತೆಗಾರರೂ ಬೇಕಿರಲಿಲ್ಲ. ಯಾರ ಅಟ್ಟದಲ್ಲಿ ಎಷ್ಟು ಹುಲ್ಲಿದೆ, ಯಾರ ಕೊಟ್ಟಿಗೆಯಲ್ಲಿ ಎಷ್ಟು ಗೂಟವಿದೆ ಎಂಬುದು ಅಂಥ ಊರಿನಲ್ಲಿ ಗುಟ್ಟಾಗಿ ಉಳಿಯುವುದುಂಟೇ? ಮೀರಿದವರಿಗೆ ದಂಡ ಹಾಕುವ ಅಧಿಕಾರಿಗೆ ಗೆವಾಲ್ಟ್‌ಹಾಬರ್ ಎಂದು ಹೆಸರು. ವಸೂಲಾದ ದಂಡದಲ್ಲಿ ಅರ್ಧ ಅವನಿಗೇ. ಕಣ್ಣು ಮುಚ್ಚಿ ಕೂರದಂತೆ ಮಾಡಲು ಇದು ಸಾಕಿತ್ತು.

ಉಳಿದದ್ದೂ ಇದೇ ಬಗೆಯ ಲೆಕ್ಕ. ದನಗಾಹಿಗಳನ್ನು ನೇಮಿಸುವುದು, ಹಿಮಪಾತಕ್ಕೆ ಮುರಿದ ದೊಡ್ಡಿ ಕಟ್ಟುವುದು, ಗೊಬ್ಬರ ಹರಡುವುದು, ದಾರಿ ರಿಪೇರಿ ಇವೆಲ್ಲ ಆಲ್ಪ್ ಸಂಘದ ಹೊಣೆ. ಕೂಡಿ ಮಾಡುವ ಈ ದುಡಿಮೆ ಗೆಮೈನ್‌ವೆರ್ಕ್. ಅಟ್ಟಿದ ಹಸುಗಳಿಗೆ ತಕ್ಕಂತೆ ಮೈಬಗ್ಗಿಸಬೇಕು, ಖರ್ಚು ಕೊಡಬೇಕು. ಕಾಡಿನಲ್ಲಿ ಯಾವ ಮರ ಕಡಿಯಬೇಕೆಂದು ಮೊದಲು ಗುರುತು ಹಾಕುತ್ತಿದ್ದರು. ಮನೆಗಳವರು ತಂಡ ಕಟ್ಟಿ ಕಡಿದು, ಸಮನಾದ ರಾಶಿ ಹಾಕಿ, ಆಮೇಲೆ ಯಾವ ರಾಶಿ ಯಾರಿಗೆಂದು ಚೀಟಿ ಎತ್ತುತ್ತಿದ್ದರು. ಯಾವ ರಾಶಿ ತನ್ನದಾಗುತ್ತದೋ ಗೊತ್ತಿಲ್ಲದಿದ್ದಾಗ ರಾಶಿಗಳು ತಾವಾಗಿಯೇ ಸಮನಾಗುತ್ತವೆ.

ನಮ್ಮ ಓದುಗರಿಗೆ ಇಲ್ಲಿ ಗೋಮಾಳ ನೆನಪಾಗುವುದು ಸಹಜ. ದನ ಮೇಯುವ ಕೂಡುನೆಲ ಎನ್ನುವಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಊರಿನವರು ಬಳಸುವ ಗೋಮಾಳ ಕಾಗದದಲ್ಲಿ ಸರ್ಕಾರದ ಭೂಮಿ. ಅದನ್ನು ಮಂಜೂರು ಮಾಡುವ ಅಧಿಕಾರ ಮೇಲಿನ ಕಚೇರಿಗಳದ್ದು. ಟೋರ್ಬೆಲ್‌ನ ಆಲ್ಪ್ ಮೇಯಿಸುವವರದೇ ಆಸ್ತಿ, ದಂಡ ಹಾಕುವವರೂ ಅವರೇ.

ಈ ಊರು ಹೊರಜಗತ್ತಿಗೆ ಪರಿಚಯವಾದದ್ದು ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್ ಅವರಿಂದ. ನೈಜೀರಿಯದ ಬೆಟ್ಟದ ರೈತರನ್ನು ಅಧ್ಯಯನ ಮಾಡಿದ್ದ ಅವರು 1970ರ ದಶಕದಲ್ಲಿ ಟೋರ್ಬೆಲ್‌ನಲ್ಲಿ ನೆಲೆಸಿ, ಚರ್ಚಿನ ಜನನ, ಮದುವೆ, ಮರಣಗಳ ದಾಖಲೆಯಿಂದ ಕುಟುಂಬಗಳ ವಂಶಾವಳಿಯನ್ನು ಜೋಡಿಸಿದರು. ಆಗ ಊರಿನಲ್ಲಿ ಸುಮಾರು 600 ಜನರಿದ್ದರು. 1981ರಲ್ಲಿ ಅವರ ಪುಸ್ತಕ ಬಂತು. ಅದಕ್ಕೂ ಮೊದಲು, 1968ರಲ್ಲಿ, ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಕೂಡುನೆಲವೆಂಬುದು ಪ್ರತಿಯೊಬ್ಬನ ದುರಾಸೆಗೆ ಸಿಕ್ಕಿ ಹಾಳಾಗಿಯೇ ತೀರುತ್ತದೆ ಎಂದು ವಾದಿಸಿ ಹೆಸರು ಮಾಡಿದ್ದರು. ಐದು ಶತಮಾನ ಮೇಯಿಸಿದರೂ ಹಾಳಾಗದ ಟೋರ್ಬೆಲ್ ಆ ವಾದಕ್ಕೆ ಸಿಕ್ಕ ನೇರ ಉತ್ತರ. ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 2009ರಲ್ಲಿ ಪಡೆದ ಮೊದಲ ಮಹಿಳೆ ಎಲಿನೋರ್ ಆಸ್ಟ್ರಮ್, 1990ರ ತಮ್ಮ ಕೃತಿಯಲ್ಲಿ ದೀರ್ಘಕಾಲ ಬಾಳಿದ ಕೂಡುನೆಲಗಳ ಉದಾಹರಣೆಯಾಗಿ ಇದನ್ನು ಚರ್ಚಿಸಿದರು. ಅಂದಿನಿಂದ ಟೋರ್ಬೆಲ್ ಅರ್ಥಶಾಸ್ತ್ರದ ಪಾಠಗಳಲ್ಲಿ ಬಂದುಹೋಗುವ ಹೆಸರು.

ಆ ಪಾಠಗಳಲ್ಲಿ ಇದೊಂದು ಸಮಾನತೆಯ ಸ್ವರ್ಗವೆಂಬಂತೆ ಬಣ್ಣ ಕಟ್ಟುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚಳಿಗಾಲದ ನಿಯಮವನ್ನೇ ನೋಡಿ. ಹೆಚ್ಚು ಮಾಳವಿದ್ದವನು ಹೆಚ್ಚು ಹುಲ್ಲು ಕೂಡಿಡುತ್ತಾನೆ, ಹೆಚ್ಚು ಹಸು ಸಾಕುತ್ತಾನೆ, ಕೂಡುನೆಲದಲ್ಲೂ ಹೆಚ್ಚು ಮೇಯಿಸುತ್ತಾನೆ. ನಿಯಮ ದುರಾಸೆಗೆ ಕಡಿವಾಣ ಹಾಕಿತೇ ಹೊರತು ಏರುಪೇರನ್ನು ಅಳಿಸಲಿಲ್ಲ. ಊರು ತಾಳುವುದಕ್ಕಿಂತ ಹೆಚ್ಚು ಜನರಾಗದಂತೆ ನೋಡಿಕೊಂಡದ್ದು ತಡವಾದ ಮದುವೆ, ಮದುವೆಯೇ ಇಲ್ಲದೆ ಉಳಿದ ಅಣ್ಣತಮ್ಮ ಅಕ್ಕತಂಗಿಯರು, ಊರು ಬಿಟ್ಟು ಹೋದವರು. ಆ ಸಮತೋಲಕ್ಕೆ ಬೆಲೆ ತೆತ್ತವರು ಇವರು. ಹದಿನೆಂಟನೆಯ ಶತಮಾನದ ಕೊನೆಗೆ ಬಂದ ಆಲೂಗಡ್ಡೆ ಇನ್ನಷ್ಟು ಬಾಯಿಗಳಿಗೆ ಅನ್ನ ಕೊಟ್ಟಿತು ಎಂಬುದನ್ನು ನೆಟಿಂಗ್ ತೋರಿಸಿದ್ದಾರೆ. ಸಭೆಯಲ್ಲಿ ಕೈಯೆತ್ತುತ್ತಿದ್ದವರೆಲ್ಲ ಗಂಡಸರು ಎಂಬುದನ್ನೂ ಮರೆಯಬಾರದು. ಸ್ವಿಸ್ ಮಹಿಳೆಯರಿಗೆ ಒಕ್ಕೂಟದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ಆದರೆ ಅದಕ್ಕೆ ಮೊದಲೇ, 1957ರ ಮಾರ್ಚ್ 3ರಂದು, ಟೋರ್ಬೆಲ್‌ನಿಂದ ಮೂಸಾಲ್ಪ್ ಎಂಬ ಎತ್ತರದ ಹುಲ್ಲುಗಾವಲು ದಾಟಿ ಆಚೆ ಇಳಿದರೆ ಸಿಗುವ ಪ್ರದೇಶದ ಉಂಟರ್‌ಬೆಖ್ ಎಂಬ ಪುಟ್ಟ ಗೆಮೈಂಡೆ ತನ್ನ ಹೆಣ್ಣುಮಕ್ಕಳಿಗೆ ಮತಗಟ್ಟೆ ತೆರೆಯಿತು. ಊರಿನ ಅಧ್ಯಕ್ಷರ ಪತ್ನಿ ಕಾತರೀನಾ ಜೆನ್‌ಹಾಯ್ಸರ್ನ್ ಮೊದಲ ಮತ ಹಾಕಿದರು. ಆ ಮತಗಳನ್ನು ಮೇಲಿನವರು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಹೊರಗಿನವರಿಗೆ ಬಾಗಿಲು ಮುಚ್ಚುವ ಬಲ, ಇಡೀ ದೇಶ ಮುಚ್ಚಿದ ಬಾಗಿಲನ್ನು ತೆರೆಯುವ ಬಲ ಎರಡೂ ಗೆಮೈಂಡೆಗೆ ಅದರ ಸ್ವಾಯತ್ತತೆಯಿಂದಲೇ ಬಂದವು.

ಹಳೆಯ ಸಂಘ ಇಂದಿನ ಸ್ಥಳೀಯ ಸಂಸ್ಥೆಯಾದ ಕತೆಯನ್ನು ಚುಟುಕಾಗಿ ಹೇಳಬಹುದು. 1798ರಲ್ಲಿ ಫ್ರೆಂಚ್ ಸೇನೆಯ ಬೆಂಬಲದಿಂದ ಬಂದ ಹೆಲ್ವೆಟಿಕ್ ಗಣರಾಜ್ಯವೆಂಬ ಹೊಸ ಸ್ವಿಸ್ ಆಡಳಿತ ಊರಿನಲ್ಲಿ ವಾಸಿಸುವವರೆಲ್ಲ ಸಮಾನರೆಂದು ಸಾರಿತು. ಹಾಗಾದರೆ ನಿನ್ನೆ ಬಂದವನಿಗೂ ಆಲ್ಪ್‌ನಲ್ಲಿ ಪಾಲೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಒಂದನ್ನು ಎರಡು ಮಾಡುವುದು. ನೆಲೆಸಿದ ಎಲ್ಲರನ್ನೂ ಒಳಗೊಂಡ ಗೆಮೈಂಡೆ ಶಾಲೆ, ರಸ್ತೆ, ತೆರಿಗೆ ನೋಡಿಕೊಳ್ಳುತ್ತದೆ. ಹಳೆಯ ಹಕ್ಕುದಾರರ ಬುರ್ಗರ್‌ಗೆಮೈಂಡೆ ಕಾಡು, ಹುಲ್ಲುಗಾವಲುಗಳನ್ನು ಇಟ್ಟುಕೊಂಡಿದೆ. ವಾಲಿಸ್‌ನಲ್ಲಿ ಈ ಜೋಡಿ ಇಂದಿಗೂ ಜೀವಂತ.

ಬದಲಾದದ್ದು ಅದರ ಸುತ್ತಲಿನ ಬದುಕು. ವಿಸ್ಪ್‌ನಲ್ಲಿ ಲೊನ್ಜಾ ರಾಸಾಯನಿಕ ಕಾರ್ಖಾನೆ ಬಂದ ಮೇಲೆ ಬೆಟ್ಟದ ಊರುಗಳ ಗಂಡಸರು ಹಗಲು ಕಾರ್ಖಾನೆಯಲ್ಲಿ, ಬೆಳಗ್ಗೆ ಸಂಜೆ ಕೊಟ್ಟಿಗೆಯಲ್ಲಿ ದುಡಿಯುವ ಅರೆ ರೈತರಾದರು. ರೈ ಹೊಲಗಳು ಹುಲ್ಲಾದವು. ಮೂಸಾಲ್ಪ್‌ಗೆ ಕಾರು ಹೋಗುವ ರಸ್ತೆಯಾಯಿತು. ಟೋರ್ಬೆಲ್‌ನಲ್ಲಿ ಇಂದು ನೆಲೆಸಿರುವವರು 500ರ ಆಸುಪಾಸು. ದೇಶದಾದ್ಯಂತ ಸಣ್ಣ ಗೆಮೈಂಡೆಗಳು ವಿಲೀನವಾಗುತ್ತಿವೆ: 1990ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿದ್ದವು ಸುಮಾರು ಮೂರನೆಯ ಒಂದರಷ್ಟು ತಗ್ಗಿವೆ. ಊರಿನ ಗುಮಾಸ್ತೆ ಕೆಲಸಕ್ಕೂ ಜನ ಸಿಗದ ಕಡೆ ಸ್ವಾಯತ್ತತೆ ಇಟ್ಟುಕೊಂಡು ಏನು ಮಾಡುವುದು ಎಂಬುದು ವಿಲೀನ ಬಯಸುವವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಈಗಿನ ದೊಡ್ಡ ಜಗಳ ದನಕರುಗಳದ್ದಲ್ಲ, ರಜೆಯ ಮನೆಗಳದ್ದು. ವರ್ಷದ ಬಹುಪಾಲು ಬೀಗ ಹಾಕಿರುವ ಇಂಥ ಮನೆಗಳು ಯಾವುದೇ ಗೆಮೈಂಡೆಯಲ್ಲಿ ಶೇ 20ನ್ನು ಮೀರಬಾರದು ಎಂಬ ಪ್ರಸ್ತಾವ 2012ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಮತದಾನದಲ್ಲಿ ಅತ್ಯಲ್ಪ ಅಂತರದಿಂದ ಗೆದ್ದಿತು. ಬಯಲಿನ ನಗರಗಳವರು ಬೆಟ್ಟದ ಅಂದ ಉಳಿಯಲೆಂದು ಮತ ಹಾಕಿದರು. ಮನೆ ಕಟ್ಟಿಯೇ ಹೊಟ್ಟೆ ಹೊರೆಯುತ್ತಿದ್ದ ವಾಲಿಸ್ ಅದನ್ನು ಭಾರಿ ಬಹುಮತದಿಂದ ತಿರಸ್ಕರಿಸಿ ಸೋತಿತು. ಅದರಂತೆ ಪ್ರತಿ ಗೆಮೈಂಡೆಯೂ ಈಗ ತನ್ನ ಎಲ್ಲೆಯೊಳಗಿನ ಮನೆಗಳ ಪಟ್ಟಿಯನ್ನು ವರ್ಷ ವರ್ಷವೂ ಒಪ್ಪಿಸಬೇಕು. ರಜೆಯ ಮನೆಯ ಮಾಲೀಕ ಅಲ್ಲಿ ತೆರಿಗೆ ಕಟ್ಟಬಹುದು. ಆದರೆ ಅವನ ಮುಖ್ಯ ವಾಸ ಬೇರೆಡೆ ಇರುವುದರಿಂದ ಆ ಊರಿನ ಸಭೆಯಲ್ಲಿ ಅವನಿಗೆ ಮತವಿಲ್ಲ.